ಕೊಪ್ಪಳದ ಫೌಂಡ್ರಿಗೆ ಜರ್ಮನಿಯಿಂದ ಒಂಬತ್ತು ತಿಂಗಳಿಗೆ ಎಂಜಿನಿಯರ್ ಬರ್ತಿದ್ದಾರೆ, ನಾವು ಏನೇನು ತಯಾರಿ ಮಾಡ್ಕೋಬೇಕು?

ನೀವು ಕೇಳಿರೋದು ಮೂರು ವಿಷಯ. ಗಿಣಿಗೇರಾ ಕಡೆಯ ಫೌಂಡ್ರಿಯಲ್ಲಿ (ಲೋಹ ಕರಗಿಸಿ ಅಚ್ಚಿಗೆ ಸುರಿಯೋ ಕಾರ್ಖಾನೆ) ನೀವು ಎಚ್‌ಆರ್. ಜರ್ಮನಿಯ ಮಾತೃಸಂಸ್ಥೆ ಅಲ್ಲಿನ ಯುವ ಎಂಜಿನಿಯರೊಬ್ಬರನ್ನು ‘ಇಮ್ಮರ್ಷನ್’ ಅಂತ, ಅಂದ್ರೆ ಇಲ್ಲಿನ ಜನ, ಕೆಲಸದ ನಡುವೆಯೇ ಇದ್ದು ಕಲಿಯಲಿ ಅಂತ, ಒಂಬತ್ತು ತಿಂಗಳಿಗೆ ಕಳಿಸ್ತಿದೆ. ಯಾವ ವೀಸಾ, ಮನೆ ಕೊಪ್ಪಳದಲ್ಲೋ ಹೊಸಪೇಟೆಯಲ್ಲೋ, ಇಲ್ಲಿ ಅವರ ಕೈಗೆ ಏನು ಕೆಲಸ ಕೊಡೋದು? ಇಂಥವರ ಕಾಗದಪತ್ರ, ವಸತಿ ನೋಡಿಕೊಳ್ಳೋದೇ ನನ್ನ ಕೆಲಸ. ಮೂರನೆಯ ಪ್ರಶ್ನೆಯನ್ನು ನೀವು ಕೊನೆಗೆ ಒಂದೇ ಸಾಲಲ್ಲಿ ಕೇಳಿದ್ದೀರಿ. ನನ್ನ ಮಟ್ಟಿಗೆ ಅದೇ ಮೊದಲನೆಯದು, ಯಾಕಂದ್ರೆ ಅವರು ಇಲ್ಲಿ ಏನು ಮಾಡ್ತಾರೆ ಅನ್ನೋದರ ಮೇಲೆ ವೀಸಾ ನಿಂತಿದೆ.

ಸುಮ್ಮನೆ ನೋಡಿ ಕಲಿಯೋದಕ್ಕೆ ಬರೋದಾದ್ರೆ ಬಿಸಿನೆಸ್ ವೀಸಾ ಸಾಕಾಗಬಹುದು. ಬಹುರಾಷ್ಟ್ರೀಯ ಕಂಪನಿಯ ಟ್ರೇನಿಗಳು ತಮ್ಮದೇ ಕಂಪನಿಯ ಭಾರತದ ಪ್ರಾದೇಶಿಕ ಕೇಂದ್ರಕ್ಕೆ ಆಂತರಿಕ ತರಬೇತಿಗೆ ಬರಲು ಅದರಲ್ಲಿ ಅವಕಾಶವಿದೆ. ಆದರೆ ಪಾಳಿ ಹಿಡಿದು ಕೆಲಸ ಮಾಡಿಸ್ತೀರಿ, ಲೈನ್ ಜವಾಬ್ದಾರಿ ಕೊಡ್ತೀರಿ, ಇಲ್ಲಿಂದ ಸಂಬಳ ಕೊಡ್ತೀರಿ ಅಂದ್ರೆ ಅದು ಉದ್ಯೋಗವೇ. ಅದಕ್ಕೆ ಎಂಪ್ಲಾಯ್‌ಮೆಂಟ್ ವೀಸಾ ಬೇಕು, ಸಂಬಳ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಹೆಚ್ಚಿರಬೇಕು. ಕರಾರುಪತ್ರದಲ್ಲಿ ಯೂರೋ ಮೊತ್ತವನ್ನಷ್ಟೇ ಬರೆದು ಬಿಡಬೇಡಿ, ರೂಪಾಯಿಯಲ್ಲೂ ಬರೆಯಿರಿ. ಈಗಷ್ಟೇ ಡಿಗ್ರಿ ಮುಗಿಸಿದವರಾದ್ರೆ ಇಂಟರ್ನ್ ವೀಸಾ ಅಂತ ಇನ್ನೊಂದು ದಾರಿ ಇದೆ, ಗರಿಷ್ಠ ಒಂದು ವರ್ಷ.

ನಮ್ಮ ಭಾಗದಲ್ಲಿ ಪದೇ ಪದೇ ಆಗೋ ಗೊಂದಲ ಒಂದಿದೆ. ಉಕ್ಕು ಮತ್ತು ವಿದ್ಯುತ್ ವಲಯಕ್ಕೆ ‘ಪ್ರಾಜೆಕ್ಟ್ ವೀಸಾ’ ಅಂತ ಪ್ರತ್ಯೇಕ ವರ್ಗ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಫರ್ನೇಸ್ (ಕುಲುಮೆ) ಕೂರಿಸೋಕೆ ಬಂದವರಿಗೆ ಅದೇ ಸಿಕ್ಕಿತ್ತು ಅಂತ ಕೇಳಿ ಏಜೆಂಟರು ಎಲ್ಲರಿಗೂ ಅದನ್ನೇ ಹೇಳ್ತಾರೆ. ಅದು ಒಂದು ನಿರ್ದಿಷ್ಟ ಪ್ರಾಜೆಕ್ಟನ್ನು ಕಟ್ಟಿ ಮುಗಿಸೋಕೆ ಬರುವವರಿಗೆ, ಆ ಜಾಗಕ್ಕಷ್ಟೇ. ಕಲಿಯೋಕೆ ಬರುವ ಒಬ್ಬ ಎಂಜಿನಿಯರಿಗೆ ಹೊಂದೋದಿಲ್ಲ. ‘ಮೊದಲು ಬಿಸಿನೆಸ್ ವೀಸಾದಲ್ಲಿ ಬರಲಿ, ಆಮೇಲೆ ಬದಲಾಯಿಸೋಣ’ ಅನ್ನೋ ಮಾತೂ ನಡೆಯೋದಿಲ್ಲ. ಸಾಮಾನ್ಯವಾಗಿ ದೇಶದೊಳಗೇ ವರ್ಗ ಬದಲಿಸಿಕೊಡೋದಿಲ್ಲ, ವಾಪಸ್ ಹೋಗಿ ಹೊಸದಾಗಿ ಅರ್ಜಿ ಹಾಕಬೇಕಾಗುತ್ತೆ.

ಹೆಸರಿನ ವಿಷಯ ಸಣ್ಣದು ಅನ್ನಿಸುತ್ತೆ, ತಲೆನೋವು ತರೋದು ಅದೇ. ಪಾಸ್‌ಪೋರ್ಟಿನಲ್ಲಿ ಇರೋ ಕ್ರಮದಲ್ಲೇ, ಮಧ್ಯದ ಹೆಸರು ಸೇರಿಸಿ, ಪ್ರತಿ ಕಾಗದದಲ್ಲೂ ಒಂದೇ ಥರ ಬರೆಯಿರಿ: ಕರಾರು, ಆಮಂತ್ರಣ ಪತ್ರ, ಬಾಡಿಗೆ ಒಪ್ಪಂದ, ಸಿಮ್, ಬ್ಯಾಂಕ್. ಜರ್ಮನ್ ಹೆಸರಿನಲ್ಲಿ ಅಕ್ಷರದ ಮೇಲೆ ಎರಡು ಚುಕ್ಕಿ ಇದ್ರೆ, ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗಿರುವ ಎರಡು ಸಾಲಿನ ಯಂತ್ರದ ಬರಹದಲ್ಲಿ ಅದು ಹೇಗಿದೆಯೋ ಹಾಗೇ ಬಳಸಿ. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಆದ್ರೆ ಅರ್ಜಿ ವಾಪಸ್ ಬರುತ್ತೆ.

ಹೊರಡೋ ಮೊದಲೇ ಅವರಿಗೆ ಎರಡು ವಿಷಯ ಬರೆದು ತಿಳಿಸಿ. ಇ-ಸಿಗರೇಟ್ ಇಲ್ಲಿ 2019ರಿಂದ ನಿಷೇಧ, ಬ್ಯಾಗಿನಲ್ಲಿ ಇಟ್ಟುಕೊಂಡು ಬರಬಾರದು. ಚಾರಣಿಗರು ಒಯ್ಯುವ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಅನುಮತಿ ಇಲ್ಲದೆ ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಯುರೋಪಿನವರಿಗೆ ಇದು ತಪ್ಪು ಅಂತ ಹೊಳೆಯೋದೇ ಇಲ್ಲ.

ಅವರು ಬಂದಿಳಿದ ಮೇಲೆ ಮೊದಲ ಗಡುವು 24 ಗಂಟೆ. ವಿದೇಶಿಯರು ಯಾರ ಜಾಗದಲ್ಲಿ ಉಳಿದುಕೊಳ್ತಾರೋ ಅವರು ಆನ್‌ಲೈನಿನಲ್ಲಿ ವಿವರ ಕೊಡಬೇಕು. ಜನ ಇದನ್ನ ಇನ್ನೂ ‘ಸಿ ಫಾರ್ಮ್’ ಅಂತಲೇ ಕರೀತಾರೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದು 1946ರ ಹಳೇ ಕಾಯ್ದೆ ಹೋಯ್ತು, ಆದರೆ ಈ ಹೊಣೆ ಹೋಗಿಲ್ಲ. ಹೋಟೆಲಿನವರು ತಾವಾಗೇ ಮಾಡ್ತಾರೆ. ಎಡವೋದು ಕಂಪನಿ ಗೆಸ್ಟ್‌ಹೌಸಿನಲ್ಲಿ. ‘ನಮ್ಮದೇ ಗೆಸ್ಟ್‌ಹೌಸ್, ನಮಗ್ಯಾಕೆ’ ಅಂತ ಬಿಟ್ಟುಬಿಡ್ತಾರೆ. ಗೆಸ್ಟ್‌ಹೌಸಿಗೂ, ಬಾಡಿಗೆ ಮನೆಯ ಮಾಲೀಕರಿಗೂ ಅದೇ ನಿಯಮ. ಪೋರ್ಟಲಿನಲ್ಲಿ ಜಾಗವನ್ನು ಮೊದಲು ನೋಂದಾಯಿಸಿ ಲಾಗಿನ್ ಪಡೀಬೇಕು. ಅದಕ್ಕೆ ಕೆಲವು ದಿನ ಹಿಡಿಯುತ್ತೆ, ಹಾಗಾಗಿ ಅತಿಥಿ ಬರೋ ದಿನ ಶುರು ಮಾಡಿದ್ರೆ ಆಗೋದಿಲ್ಲ. ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಸಂಖ್ಯೆ ಮತ್ತು ಅವಧಿ, ಭಾರತಕ್ಕೆ ಕಾಲಿಟ್ಟ ದಿನ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ, ಒಂದು ಫೋಟೊ, ಇಷ್ಟು ಕೇಳುತ್ತೆ. ಸಲ್ಲಿಸಿದ ಮೇಲೆ ಬರೋ ಪ್ರತಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಮುಂದಿನ ಹೆಜ್ಜೆಗೆ ಅದೇ ಬೇಕು.

ಆ ಮುಂದಿನ ಹೆಜ್ಜೆ ಎಫ್‌ಆರ್‌ಆರ್‌ಒ, ಅಂದ್ರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ. 180 ದಿನಕ್ಕಿಂತ ಹೆಚ್ಚಿನ ಎಂಪ್ಲಾಯ್‌ಮೆಂಟ್ ವೀಸಾದವರು ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಆ ಕಚೇರಿಯವರು ಕರೆದರೆ ಮಾತ್ರ ಬೆಂಗಳೂರಿಗೆ ಹೋಗೋದು. ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ, ವಲಸೆ ಮುದ್ರೆ ಇರೋ ಪುಟ, ಕರಾರು, ವಿಳಾಸದ ದಾಖಲೆ, ಕಂಪನಿಯ ಹೊಣೆಪತ್ರ ಬೇಕಾಗುತ್ತೆ. ಅರ್ಜಿ ಹಿಂದೆ ಬರೋದು ಹೆಚ್ಚಾಗಿ ಹೊಣೆಪತ್ರದಿಂದ: ಲೆಟರ್‌ಹೆಡ್ ಇರೋದಿಲ್ಲ, ಇಲ್ಲವೇ ಸಹಿ ಹಾಕಿದವರ ಗುರುತಿನ ಚೀಟಿ ಜೊತೆಗಿರೋದಿಲ್ಲ. ಆಮೇಲೆ ಮನೆ ಬದಲಿಸಿದ್ರೆ ಅದನ್ನೂ ತಿಳಿಸಬೇಕು. ಹಾಗಾಗಿ ಎರಡು ತಿಂಗಳು ಗೆಸ್ಟ್‌ಹೌಸ್, ಆಮೇಲೆ ಮನೆ ಅನ್ನೋ ಲೆಕ್ಕ ಬಿಟ್ಟು, ಸಾಧ್ಯವಾದ್ರೆ ಮೊದಲ ವಾರದಲ್ಲೇ ಮನೆ ಕೊಡಿಸಿಬಿಡಿ.

ಸಿಮ್, ಬ್ಯಾಂಕ್ ಖಾತೆ, ಪ್ಯಾನ್ ಇದರ ಹಿಂದೆಯೇ ಬರ್ತವೆ. ಸಿಮ್ ಪಾಸ್‌ಪೋರ್ಟ್ ಮತ್ತು ವೀಸಾ ಮೇಲೆ ಸಿಗುತ್ತೆ. ಬೆಂಗಳೂರು ಅಥವಾ ಹೈದರಾಬಾದ್ ವಿಮಾನ ನಿಲ್ದಾಣದಲ್ಲೇ ತಗೊಳ್ಳೋದು ವಾಸಿ, ಸಣ್ಣ ಊರಿನ ಅಂಗಡಿಯವರಿಗೆ ವಿದೇಶಿಯರ ಅರ್ಜಿ ತುಂಬಿ ಅಭ್ಯಾಸ ಇರೋದಿಲ್ಲ. ಬ್ಯಾಂಕಿಗೆ ಎಫ್‌ಆರ್‌ಆರ್‌ಒ ನೋಂದಣಿ ಪತ್ರ ಕೊಟ್ಟರೆ ಕೆಲಸ ಬೇಗ ಆಗುತ್ತೆ. ನಿಮ್ಮ ಸಂಬಳದ ಖಾತೆಗಳು ಇರೋ ಶಾಖೆಗೇ ಹೋಗಿ, ಮ್ಯಾನೇಜರಿಗೆ ಒಂದು ತಿಂಗಳು ಮೊದಲೇ ಹೇಳಿಡಿ. ಆಧಾರ್ ಬಗ್ಗೆ ಎಲ್ಲರೂ ಕೇಳ್ತಾರೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದ ಮೇಲೆ ಮಾತ್ರ ಅದಕ್ಕೆ ಅರ್ಹತೆ. ಒಂಬತ್ತು ತಿಂಗಳಿಗೆ ಬಂದವರು ಅದರ ಹಿಂದೆ ಬೀಳೋದು ನನಗೆ ವ್ಯರ್ಥ ಅನ್ನಿಸುತ್ತೆ.

ತೆರಿಗೆ ಮತ್ತು ಪಿಎಫ್ ನಿಮ್ಮ ಆಡಿಟರ್ ಕೆಲಸ, ಆದರೆ ಎರಡು ಪ್ರಶ್ನೆ ನೀವೇ ಎತ್ತಿ. ಭಾರತದಲ್ಲಿ ಮಾಡಿದ ಕೆಲಸದ ಸಂಬಳಕ್ಕೆ ಇಲ್ಲೇ ತೆರಿಗೆ. ಜರ್ಮನಿ ಜೊತೆಗಿನ ಒಪ್ಪಂದದಲ್ಲಿ ಅಲ್ಪಾವಧಿಗೆ ವಿನಾಯಿತಿ ಇದ್ರೂ, ಸಂಬಳದ ಖರ್ಚು ಕೊಪ್ಪಳದ ಕಂಪನಿ ಮೇಲೆ ಬಿದ್ದರೆ ಅದು ಸಿಗೋದಿಲ್ಲ. ನಿವಾಸಿ ಹೌದೋ ಅಲ್ಲವೋ ಅನ್ನೋದಕ್ಕೆ ಹಣಕಾಸು ವರ್ಷದಲ್ಲಿ 182 ದಿನದ ಲೆಕ್ಕ. ಅಕ್ಟೋಬರ್ 1ಕ್ಕೆ ಬಂದಿಳಿದರೆ ಮಾರ್ಚ್ 31ಕ್ಕೆ ಸರಿಯಾಗಿ 182 ಆಗುತ್ತೆ. ಒಂದು ವಾರ ತಡವಾಗಿ ಬಂದರೆ ಆಗೋದಿಲ್ಲ. ಟಿಕೆಟ್ ಬುಕ್ ಮಾಡೋ ಮೊದಲು ಆಡಿಟರಿಗೆ ಫೋನ್ ಮಾಡಿ ಅನ್ನೋದು ಇದಕ್ಕೇ. ಪಿಎಫ್ ವಿಷಯದಲ್ಲಿ ಜರ್ಮನಿ ಜೊತೆ ಸಾಮಾಜಿಕ ಭದ್ರತಾ ಒಪ್ಪಂದ ಇದೆ. ಅವರು ಅಲ್ಲಿಂದಲೇ ಸರ್ಟಿಫಿಕೇಟ್ ಆಫ್ ಕವರೇಜ್ (ಜರ್ಮನಿಯಲ್ಲೇ ಸಾಮಾಜಿಕ ಭದ್ರತೆಗೆ ಒಳಪಟ್ಟಿದ್ದಾರೆ ಅನ್ನೋ ಪ್ರಮಾಣಪತ್ರ) ತಂದರೆ ಇಲ್ಲಿ ಕಟ್ಟಬೇಕಾಗಿಲ್ಲ. ತರದೇ ಇದ್ದರೆ ಪೂರ್ತಿ ಸಂಬಳದ ಮೇಲೆ ಕಟ್ಟಿ ಅನ್ನೋ ವಾದ ಎದುರಾಗುತ್ತೆ. ವಿದೇಶಿ ನೌಕರರಿಗಿದ್ದ ಆ ವಿಶೇಷ ಪಿಎಫ್ ನಿಯಮವನ್ನು 2024ರಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿದೆ ನಿಜ, ಆದರೂ ಪ್ರಮಾಣಪತ್ರ ಕೈಲಿದ್ದರೆ ಆ ಜಗಳವೇ ಬೇಡ.

ಮನೆ ಕೊಪ್ಪಳದಲ್ಲೇ ನೋಡಿ. ಹೊಸಪೇಟೆಯಲ್ಲಿ ಹಂಪಿಯಿಂದಾಗಿ ವಿದೇಶಿಯರಿಗೆ ಒಗ್ಗೋ ಹೋಟೆಲ್, ಊಟ ಇವೆ, ಅದಕ್ಕೇ ಎಲ್ಲರೂ ಅತ್ತ ಎಳೀತಾರೆ. ಆದರೆ 2021ರಿಂದ ಅದು ವಿಜಯನಗರ ಜಿಲ್ಲೆ. ಕಾರ್ಖಾನೆ ಒಂದು ಜಿಲ್ಲೆ, ವಿಳಾಸ ಇನ್ನೊಂದು ಜಿಲ್ಲೆ ಆದ್ರೆ ಪೊಲೀಸ್ ವಿಚಾರಣೆ ಬಂದಾಗ ಎರಡು ಕಡೆ ಓಡಾಟ. ಅದಕ್ಕಿಂತ ಮುಖ್ಯವಾಗಿ, ಪ್ರವಾಸಿಗರ ಊರಲ್ಲಿ ಇಟ್ಟರೆ ಇಮ್ಮರ್ಷನ್ ಅನ್ನೋದು ಹೆಸರಿಗಷ್ಟೇ ಉಳಿಯುತ್ತೆ.

ಮನೆ ನೋಡುವಾಗ ಬಾಡಿಗೆಗಿಂತ ಮೊದಲು ನೀರು ಕೇಳಿ. ನಲ್ಲಿ ನೀರು ದಿನಾ ಬರೋದಿಲ್ಲ, ಸಂಪು ಎಷ್ಟು ದೊಡ್ಡದು, ಬೋರ್ ಇದೆಯೋ ಇಲ್ಲವೋ ನೋಡಿ. ಕೊಪ್ಪಳ ಜಿಲ್ಲೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹಳೇದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯೋಕೆ ಆಗೋದಿಲ್ಲ, ಕುದಿಸಿದರೆ ಅದು ಹೋಗೋದೂ ಇಲ್ಲ. ಆರ್‌ಒ ಬೇಕೇ ಬೇಕು. ಗಡಸು ನೀರಿಗೆ ಅದರ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತೆ, ಸರ್ವಿಸ್ ಕರಾರು ಮಾಡಿಸಿಡಿ. ಜೆಸ್ಕಾಂ ಕರೆಂಟ್ ಹೋದಾಗ ಒಂದು 150 ಆಂಪ್-ಅವರ್ ಬ್ಯಾಟರಿಯ ಇನ್ವರ್ಟರ್ ಫ್ಯಾನು, ದೀಪ, ವೈಫೈ ಇಷ್ಟನ್ನು ಮೂರ್ನಾಲ್ಕು ತಾಸು ಎಳೆಯುತ್ತೆ. ಎಸಿ ಅದರ ಮೇಲೆ ನಡೆಯೋದಿಲ್ಲ ಅಂತ ಮೊದಲೇ ಹೇಳಿಬಿಡಿ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ. ಮನೆಯಲ್ಲಿ ಮಾಂಸ ಬೇಯಿಸೋದು, ಬಿಯರ್ ಕುಡಿಯೋದು ಮಾಲೀಕರಿಗೆ ನಡೆಯುತ್ತೋ ಇಲ್ಲವೋ ಅನ್ನೋದನ್ನ ಅಡ್ವಾನ್ಸ್ ಕೊಡೋ ಮೊದಲು ಬಾಯಿಬಿಟ್ಟು ಕೇಳಿ. ಸಂಕೋಚಪಟ್ಟು ಬಿಟ್ಟರೆ ಎರಡನೇ ತಿಂಗಳು ಮನೆ ಖಾಲಿ ಮಾಡಿಸ್ತಾರೆ, ಮತ್ತೆ ವಿಳಾಸ ಬದಲಾವಣೆ, ಮತ್ತೆ ಪೋರ್ಟಲ್.

ಏಪ್ರಿಲ್-ಮೇ ತಿಂಗಳಲ್ಲಿ ಕರೆಸಬೇಡಿ. ಹೊರಗೆ 40 ಡಿಗ್ರಿ, ಒಳಗೆ ಫರ್ನೇಸ್. ಅಕ್ಟೋಬರಿನಲ್ಲಿ ಬಂದರೆ ಬೇಸಿಗೆ ಹೊತ್ತಿಗೆ ಮೈ ಒಗ್ಗಿರುತ್ತೆ. ಟೈಫಾಯಿಡ್, ಹೆಪಟೈಟಿಸ್-ಎ ಲಸಿಕೆ ಅಲ್ಲೇ ಹಾಕಿಸಿಕೊಂಡು ಬರಲಿ. ಊಟದ ಚಿಂತೆ ಅಷ್ಟು ಬೇಡ. ಬಿಸಿ ಜೋಳದ ರೊಟ್ಟಿ, ಬೇಳೆ, ಮೊಸರು, ಶೇಂಗಾ ಚಟ್ನಿಪುಡಿ ಯಾರಿಗಾದ್ರೂ ಒಗ್ಗುತ್ತೆ. ಒಗ್ಗಾಣಿ ಜೊತೆ ಮಿರ್ಚಿ ಮಾತ್ರ ಮೊದಲ ವಾರ ಕೊಡಬೇಡಿ, ಪ್ರೀತಿಯಿಂದ ಕೊಟ್ಟರೂ ಅದು ಪ್ರೀತಿ ಅಂತ ಹೊಟ್ಟೆಗೆ ಗೊತ್ತಾಗೋದಿಲ್ಲ. ಸೇಫ್ಟಿ ಶೂ ಅಳತೆ ಮೊದಲೇ ತರಿಸಿ. 12ನೇ ನಂಬರಿನ ಕಾಲಿಗೆ ನಿಮ್ಮ ಸ್ಟೋರ್ಸಿನಲ್ಲಿ ಶೂ ಇರೋದಿಲ್ಲ, ಶೂ ಇಲ್ಲದೆ ಗೇಟ್ ಒಳಗೆ ಬಿಡೋದಿಲ್ಲ, ಮೊದಲ ಹತ್ತು ದಿನ ಆಫೀಸಿನಲ್ಲೇ ಕಳೆದುಹೋಗುತ್ತೆ.

ಈಗ ಕೆಲಸ. ನಮ್ಮ ಕಡೆ ಇಂಥ ಕಾರ್ಯಕ್ರಮ ಕೆಡೋದು ಅತಿಯಾದ ಉಪಚಾರದಿಂದ. ಶಾಲು, ಹಾರ, ಪ್ರತಿ ಇಲಾಖೆಯಿಂದ ಒಂದೊಂದು ಪವರ್‌ಪಾಯಿಂಟ್, ಎಸಿ ಕಾರು, ಜಿಎಂ ಜೊತೆ ಊಟ. ಮೂರು ತಿಂಗಳು ಕಳೆದರೂ ಅವರಿಗೆ ಅಚ್ಚು ಮಾಡೋ ಒಬ್ಬ ಮೋಲ್ಡರ್‌ನ ಹೆಸರು ಗೊತ್ತಿರೋದಿಲ್ಲ. ಸ್ವಾಗತ ಒಂದು ದಿನಕ್ಕೆ ಮುಗಿಸಿ. ಜೊತೆಗಾರರಾಗಿ ಜಿಎಂ ಬೇಡ, ಇಂಗ್ಲಿಷ್ ಸುಮಾರಾಗಿ ಬರೋ, ಪಾಳಿಯಲ್ಲಿರೋ ಒಬ್ಬ ಡಿಪ್ಲೊಮಾ ಎಂಜಿನಿಯರನ್ನು ಹಾಕಿ, ಅವರ ಕೆಲಸದಲ್ಲಿ ಅಷ್ಟು ಭಾರ ಇಳಿಸಿ. ಮೊದಲ ಆರು ವಾರ ಅಚ್ಚಿನ ಮರಳು ಹದ ಮಾಡೋ ಸ್ಯಾಂಡ್ ಪ್ಲಾಂಟ್, ಎರಕದೊಳಗಿನ ಟೊಳ್ಳಿಗೆ ಇಡೋ ಮರಳಿನ ‘ಕೋರ್’ ಮಾಡೋ ಕೋರ್ ಶಾಪ್, ಲೋಹ ಕರಗಿಸೋ ಮೆಲ್ಟಿಂಗ್, ಎರಕ ಉಜ್ಜಿ ಶುಚಿ ಮಾಡೋ ಫೆಟ್ಲಿಂಗ್ ಹೀಗೆ ಸುತ್ತಿಸಿ, ಆಮೇಲೆ ಒಂದೇ ಒಂದು ಪಾರ್ಟ್ ನಂಬರಿನಲ್ಲಿ ಕೆಟ್ಟು ತಿರಸ್ಕಾರವಾಗೋ ಎರಕ ಕಡಿಮೆ ಮಾಡೋ ಹೊಣೆ ಅವರ ಹೆಸರಿಗೆ ಬರೆಯಿರಿ. ಬ್ಲೋಹೋಲ್ (ಎರಕದೊಳಗೆ ಅನಿಲ ಸಿಕ್ಕಿ ಆಗೋ ರಂಧ್ರ) ಬರ್ತಿದೆ ಅನ್ನಿ. ಮರಳಿನ ತೇವ, ಅದರ ಗಾಳಿ ಹಾಯುವ ಗುಣ, ಕೋರ್ ಎಷ್ಟು ಹೊತ್ತು ಬೆಂದಿದೆ, ಸುರಿಯುವಾಗಿನ ಉಷ್ಣತೆ, ಇವನ್ನು ಪಾಳಿವಾರು ಬರೆದುಕೊಳ್ಳಬೇಕಾದ್ರೆ ಎಲ್ಲರ ಹತ್ತಿರ ಹೋಗಿ ಮಾತಾಡಲೇಬೇಕು. ಭಾಷೆ, ಜನ, ಪದ್ಧತಿ ಎಲ್ಲ ಆ ದಾರಿಯಲ್ಲೇ ಬರುತ್ತೆ, ಬೇರೆ ತರಗತಿ ಬೇಕಾಗೋದಿಲ್ಲ.

ಒಂದು ಎಚ್ಚರಿಕೆ. ‘ನಾಳೆಗೆ ಆಗುತ್ತಾ’ ಅಂತ ಕೇಳಿದ್ರೆ ನಮ್ಮ ಮಂದಿ ಇಲ್ಲ ಅನ್ನೋದಿಲ್ಲ, ದೊಡ್ಡವರ ಮುಖಕ್ಕೆ ಹಾಗನ್ನೋದು ಸರಿಯಲ್ಲ ಅಂತ. ಜರ್ಮನರು ಅದನ್ನು ಒಪ್ಪಿಗೆ ಅಂತ ಬರೆದುಕೊಳ್ತಾರೆ, ನಾಳೆ ಇಬ್ಬರಿಗೂ ಬೇಜಾರು. ‘ಇನ್ನೂ ಏನೇನು ಬಾಕಿ ಇದೆ, ಯಾವುದಕ್ಕೆ ಕಾಯ್ತಿದ್ದೀರಿ’ ಅಂತ ಕೇಳೋದನ್ನ ಅವರಿಗೆ ಕಲಿಸಿ. ಇತ್ತ ನಿಮ್ಮ ಸೂಪರ್‌ವೈಸರುಗಳಿಗೂ ಹೇಳಿ: ಅವರು ನೇರವಾಗಿ ‘ಇದು ತಪ್ಪು’ ಅಂದರೆ ಅದು ಬೈಗುಳ ಅಲ್ಲ. ಬರುವವರು ಮಹಿಳೆಯಾದ್ರೆ ರಾತ್ರಿ ಪಾಳಿಗೆ ಅವರ ಒಪ್ಪಿಗೆ ಪಡೀಬೇಕು, ಮನೆ ಬಾಗಿಲವರೆಗೂ ವಾಹನ ಕೊಡಬೇಕು.

ಓಡಾಟಕ್ಕೆ ಸ್ಟಾಫ್ ಬಸ್ಸೇ ಸಾಕು. ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಗಾಡಿ ಇದೆ. ಗಾಡಿ ಓಡಿಸೋ ಆಸೆ ಇದ್ದರೆ ಅಂತರರಾಷ್ಟ್ರೀಯ ಪರವಾನಗಿ ತರಲಿ, ಆದರೆ ಬಲಬದಿಯಲ್ಲಿ ಓಡಿಸಿ ರೂಢಿ ಇದ್ದವರು ನಮ್ಮ ಅದಿರು ಲಾರಿಗಳ ನಡುವೆ ಮೊದಲ ತಿಂಗಳು ಓಡಿಸದೇ ಇರೋದು ಒಳ್ಳೇದು. ಭಾನುವಾರಕ್ಕೆ ಹಂಪಿ ಒಂದೇ ಅಂತಿಲ್ಲ. 1112ರಲ್ಲಿ ಕಟ್ಟಿದ ಇಟಗಿ ಮಹಾದೇವ ದೇವಾಲಯ, ಕಿನ್ನಾಳದ ಬೊಂಬೆ ಮಾಡೋರ ಮನೆಗಳು, ಆನೆಗೊಂದಿ, ಊರೊಳಗೇ ಗವಿಮಠದ ಅಶೋಕನ ಶಾಸನ ಇವೆ. ಜನವರಿಯಲ್ಲಿ ಗವಿಮಠದ ಜಾತ್ರೆ ಬರುತ್ತೆ, ಆಗ ದಾಸೋಹದಲ್ಲಿ ಬಡಿಸೋಕೆ ಕಾರ್ಖಾನೆ ಹುಡುಗರ ಜೊತೆ ಕಳಿಸಿ, ವಿಐಪಿ ಪಾಸ್ ಮಾಡಿಸಬೇಡಿ. ಡ್ರೋನ್ ಮಾತ್ರ ತರೋದು ಬೇಡ ಅನ್ನಿ, ತುಂಗಭದ್ರಾ ಅಣೆಕಟ್ಟಿನ ಹತ್ತಿರ ಕ್ಯಾಮೆರಾ ತೆಗೆಯೋ ಮೊದಲೂ ಕೇಳಲಿ.

ವಾಪಸ್ ಹೋಗೋ ಎರಡು ತಿಂಗಳು ಮೊದಲು ಕಡತ ತೆಗೆದು ನೋಡಿ. ಅವಧಿ ವಿಸ್ತರಣೆ ಬೇಕಿದ್ದರೆ ವೀಸಾ ಮುಗಿಯೋ ಮೊದಲೇ ಅದೇ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಬೇಡದಿದ್ದರೆ ಮನೆ ಮಾಲೀಕರಿಗೆ ನೋಟಿಸ್ ಕೊಡಿ, ಸಂಬಳದಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರ ಕೊಡೋ, ತೆರಿಗೆ ರಿಟರ್ನ್ ಸಲ್ಲಿಸೋ ಜವಾಬ್ದಾರಿ ಯಾರದು ಅಂತ ಬರೆದಿಡಿ. ತೆರಿಗೆ ಮರುಪಾವತಿ ಬರೋವರೆಗೂ ಬ್ಯಾಂಕ್ ಖಾತೆ ಮುಚ್ಚಿಸಬೇಡಿ.