ಜನರಲ್ ತಿಮ್ಮಯ್ಯನವರ ಮನೆತನ ಹುಡುಕೋರಿಗೆ

ಗದಗದಾಗ ಕುಂತು ಜನರಲ್ ತಿಮ್ಮಯ್ಯನವರ ಮನೆತನ, ಸರ್ವಿಸ್ ಮಾಹಿತಿ ಹೆಂಗ ಹುಡುಕೋದು ಅಂತ ಕೇಳೀರಲ್ರೀ, ಮೊದ್ಲ ಕೆ.ಎಸ್. ತಿಮ್ಮಯ್ಯ ಅನ್ನೋ ಹೆಸ್ರಿನಾಗಿನ ಇನಿಷಿಯಲ್ ಹಿಡೀರಿ. ಕೆ ಅಂದ್ರ ಕೊಡಂದೇರ, ಅದು ಕೊಡವರ ಒಕ್ಕದ, ಅಂದ್ರ ಕುಲದ ಹೆಸ್ರು, ಕಾರ್ಯಪ್ಪನವರದ್ದೂ ಅದ ಒಕ್ಕ, ಅಷ್ಟಕ್ಕ ಇಬ್ರೂ ಅಣ್ತಮ್ಮರು ಅಂತ ವಂಶಾವಳಿ ಬರ್ದುಬಿಡಬ್ಯಾಡ್ರಿ ಮತ್ತ. ತಿಮ್ಮಯ್ಯನವ್ರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜು ಮುಗಿಸಿ 1926ರಾಗ ಕಮಿಷನ್ ಆದವ್ರು, ಅಂದ್ರ ಸೈನ್ಯದಾಗ ಅಧಿಕಾರಿ ಆದವ್ರು, ಹಂಗಾಗಿ ಬ್ರಿಟಿಷರ ಕಾಲದ ಪ್ರಮೋಷನ್ ಎಲ್ಲಾ ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಾಗ ಹುಡುಕ್ರಿ, ಆನ್‌ಲೈನ್ ಪುಕ್ಕಟ ಐತಿ, ಸ್ಪೆಲಿಂಗ್ ಮಾತ್ರ ಎರಡ್ಮೂರು ಥರ ಹಾಕಿ ನೋಡ್ರಿ. ಆಮೇಲಿಂದಕ್ಕ ಭಾರತದ ಗೆಜೆಟ್. 1957ರಿಂದ 1961ರ ತನಕ ಭಾರತದ ಸೇನಾ ಚೀಫ್, 1965ರಾಗ ಸೈಪ್ರಸ್‌ದಾಗ ವಿಶ್ವಸಂಸ್ಥೆ ಪಡೆ ಕಮಾಂಡರ್ ಇದ್ದಾಗ್ಲೇ ತೀರ್ಕೊಂಡ್ರು, ಎಂಥಾ ದೊಡ್ಡ ಜೀವ ರೀ ಅದು. ಮಡಿಕೇರಿ ‘ಸನ್ನಿ ಸೈಡ್’ ಮನಿ ಈಗ ಮ್ಯೂಸಿಯಂ ಆಗೇತಿ, ಮನೆತನದ ವಿಷಯಕ್ಕ ಅಲ್ಲಿಗೇ ಹೋಗ್ರಿ.