ಫ್ರೋಜನ್ ಸೊಪ್ಪಿಗಿಂತ ಮೊದಲು ನೀರಿಗೆ ರುಚಿ ಬರಲಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವಿರುವುದು ಅಮೆರಿಕದ ಷಾರ್ಲೆಟ್‌ನಲ್ಲಿ. ಪಕ್ಕದ ಮನೆಯ ಅಜ್ಜಿ ಮಾಡುವ ಕಾಲರ್ಡ್ ಗ್ರೀನ್ಸ್ (ಎಲೆಕೋಸಿನ ಬಳಗದ ಸೊಪ್ಪು) ನನಗೂ ನಮ್ಮೆಜಮಾನರಿಗೂ ತುಂಬಾ ಇಷ್ಟ. ಹೊಗೆಯ ಘಮ, ಸ್ವಲ್ಪ ಹುಳಿ, ಹಿಂದಿನಿಂದ ಬರುವ ಖಾರ, ಸೊಪ್ಪಂತೂ ಬೆಣ್ಣೆ ಥರ. ಕೆಲಸದ ನಡುವೆ ಕಟ್ಟುಗಟ್ಟಲೆ ಸೊಪ್ಪು ತೊಳೆದು ದಂಟು ಬಿಡಿಸಲು ಪುರುಸೊತ್ತಿಲ್ಲ ಅಂತ ಫ್ರೋಜನ್ ಚೀಲ ತಂದು, ನೀರಲ್ಲಿ ಹಾಕಿ, ಉಪ್ಪು ಮೆಣಸು ಉದುರಿಸಿ ಬೇಯಿಸಿದೆ. ಬರೀ ಸಪ್ಪೆ. ಫ್ರೋಜನ್‌ನಲ್ಲಿ ಆ ರುಚಿ ಬರೋದೇ ಇಲ್ವಾ?
– ಓದುಗಿ, ಷಾರ್ಲೆಟ್

ಉತ್ತರ: ಖಂಡಿತ ಬರುತ್ತದೆ. ನೀವು ಬೇಯಿಸಿದ ಕ್ರಮ ಬದಲಾಗಬೇಕು, ಅಷ್ಟೇ.

ಚೀಲದೊಳಗೆ ಇರುವುದೇನು ಅಂತ ಮೊದಲು ನೋಡೋಣ. ಫ್ಯಾಕ್ಟರಿಯಲ್ಲಿ ಸೊಪ್ಪನ್ನು ತೊಳೆದು, ಹೆಚ್ಚಿ, ಕುದಿಯುವ ನೀರಲ್ಲೋ ಹಬೆಯಲ್ಲೋ ಕೆಲವು ನಿಮಿಷ ಇಟ್ಟು, ತಣ್ಣಗೆ ಮಾಡಿ, ಆಮೇಲೆ ಹೆಪ್ಪುಗಟ್ಟಿಸುತ್ತಾರೆ. ಹಾಗೆ ಮಾಡದಿದ್ದರೆ ಸೊಪ್ಪಿನೊಳಗಿನ ಕಿಣ್ವಗಳು ಫ್ರೀಜರ್‌ನಲ್ಲೂ ಮೆಲ್ಲಗೆ ಕೆಲಸ ಮಾಡಿ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತವೆ. ಅಂದರೆ ನಿಮ್ಮ ಕೈಗೆ ಬರುವಾಗಲೇ ಸೊಪ್ಪು ಅರೆಬೆಂದಿರುತ್ತದೆ, ಅದರ ರಸ ಒಂದಿಷ್ಟು ಆಗಲೇ ಹೋಗಿರುತ್ತದೆ. ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ಎಲೆಯ ಒಳಗೋಡೆಗಳನ್ನು ಬೇರೆ ಒಡೆದುಹಾಕುತ್ತವೆ, ಹಾಗಾಗಿ ಬಿಸಿ ತಾಕಿದ ಕೂಡಲೇ ನೀರು ಬಿಡುತ್ತದೆ. ಇಂಥ ಸೊಪ್ಪನ್ನು ಬರೀ ನೀರಿಗೆ ಹಾಕಿದರೆ ನೀರಿಗೆ ಕೊಡಲು ಅದರ ಹತ್ತಿರ ಹೆಚ್ಚೇನೂ ಇರುವುದಿಲ್ಲ, ನೀರಿನಿಂದ ಅದಕ್ಕೆ ಸಿಗುವುದೂ ಇಲ್ಲ. ಆದರೆ ಇದೇ ಒಡೆದ ಎಲೆ ಒಳ್ಳೆಯ ರಸದಲ್ಲಿ ಬಿದ್ದರೆ ತಾಜಾ ಸೊಪ್ಪಿಗಿಂತ ಬೇಗ ರುಚಿ ಹೀರುತ್ತದೆ! ಅದಕ್ಕೇ ನಾನು ಹೇಳುವುದು, ಸೊಪ್ಪಿನ ಯೋಚನೆ ಬಿಡಿ, ಮೊದಲು ಪಾತ್ರೆಯ ನೀರನ್ನು ಕುಡಿಯುವಷ್ಟು ರುಚಿಯಾಗಿ ಮಾಡಿ.

454 ಗ್ರಾಂನ ಎರಡು ಚೀಲಕ್ಕೆ ಲೆಕ್ಕ ಹೇಳ್ತೀನಿ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ, ಒಂದು ದೊಡ್ಡ ಈರುಳ್ಳಿ. ಈರುಳ್ಳಿ ಕೆಂಪಗಾಗುವ ತನಕ ಬಿಡಿ, ಅವಸರ ಬೇಡ. ನಾಲ್ಕೈದು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಒಣಮೆಣಸಿನಕಾಯಿ ಚೂರು. ಆಮೇಲೆ ಹೊಗೆ ಹಿಡಿಸಿದ ಮಾಂಸ. ಅಲ್ಲಿನವರ ಹಳೆಯ ರೂಢಿ ಹ್ಯಾಮ್ ಹಾಕ್, ಅಂದರೆ ಹಂದಿಯ ಕಾಲಿನ ಗೆಣ್ಣಿನ ಭಾಗ. ಈಗ ಬಹಳ ಮನೆಗಳಲ್ಲಿ ಸ್ಮೋಕ್ಡ್ ಟರ್ಕಿ ಕೋಳಿಯ ರೆಕ್ಕೆ ಅಥವಾ ಕಾಲು ಹಾಕುತ್ತಾರೆ, ಹಂದಿ ತಿನ್ನದವರಿಗೂ ನಡೆಯುತ್ತದೆ. ಆರು ಕಪ್ ನೀರು ಹಾಕಿ, ಸಣ್ಣ ಉರಿಯಲ್ಲಿ ಟರ್ಕಿಯಾದರೆ ಒಂದು ಗಂಟೆಯ ಮೇಲೆ, ಹ್ಯಾಮ್ ಹಾಕ್ ಆದರೆ ಎರಡು ಗಂಟೆಯ ಹತ್ತಿರ, ಮಾಂಸ ಮೂಳೆ ಬಿಡುವ ತನಕ ಕುದಿಸಿ. ಇಲ್ಲಿ ಉಪ್ಪು ಹಾಕಲೇಬೇಡಿ, ಮಾಂಸದಲ್ಲೇ ಬೇಕಾದಷ್ಟಿರುತ್ತದೆ. ಒಂದು ಚಮಚ ರಸ ಕುಡಿದು ನೋಡಿ. ಹೊಗೆಯ ರುಚಿ ನಾಲಿಗೆಗೆ ಹತ್ತಿ, ತುಟಿ ಸ್ವಲ್ಪ ಅಂಟು ಅಂಟಾದರೆ ರಸ ತಯಾರು. ಮಾಂಸ ತೆಗೆದು ಬಿಡಿಸಿ ಮತ್ತೆ ರಸಕ್ಕೇ ಹಾಕಿ.

ಈಗ ಸೊಪ್ಪು. ಕರಗಿಸಬೇಡಿ! ಹೊರಗಿಟ್ಟು ಕರಗಿಸಿದರೆ ರಸವೆಲ್ಲ ಸಿಂಕಿಗೆ ಹೋಗುತ್ತದೆ. ಫ್ರೀಜರ್‌ನಿಂದ ನೇರ ಕುದಿಯುವ ರಸಕ್ಕೆ, ಒಂದು ಚೀಲ ಹಾಕಿ ಮತ್ತೆ ಕುದಿ ಬಂದ ಮೇಲೆ ಇನ್ನೊಂದು. ರಸ ಸೊಪ್ಪಿನ ಮಟ್ಟಕ್ಕೆ ಬಂದರೆ ಸಾಕು, ಸೊಪ್ಪು ಅದರಲ್ಲಿ ಈಜಾಡುವುದು ಬೇಡ. ಜಾಸ್ತಿ ಅನಿಸಿದರೆ ಮೊದಲೇ ಒಂದು ಕಪ್ ತೆಗೆದಿಡಿ. ಮುಚ್ಚಳ ಓರೆ ಮಾಡಿ ಸಣ್ಣ ಉರಿಯಲ್ಲಿ ಬೇಯಲಿ. ತಾಜಾ ಕಾಲರ್ಡ್‌ಗೆ ಒಂದರಿಂದ ಎರಡು ಗಂಟೆ ಹಿಡಿದರೆ ಇದಕ್ಕೆ 30ರಿಂದ 45 ನಿಮಿಷ. ಟರ್ನಿಪ್ ಸೊಪ್ಪಿಗೆ ಅರ್ಧ ಗಂಟೆಯೊಳಗೆ, ಸಾಸಿವೆ ಸೊಪ್ಪಿಗೆ ಇನ್ನೂ ಕಡಿಮೆ. ಮೂರನ್ನೂ ಬೆರೆಸಿದರೆ ರುಚಿ ಒಂದು ಕೈ ಮೇಲೆ, ಕಾಲರ್ಡ್ ಮೊದಲು ಹಾಕಿ ಉಳಿದೆರಡನ್ನು ಆಮೇಲೆ ಹಾಕಿದರಾಯಿತು. ಪಾಲಕ್ ಚೀಲ ಮಾತ್ರ ತರಬೇಡಿ, ಇಷ್ಟು ಹೊತ್ತು ಬೆಂದರೆ ಪೂರ್ತಿ ಕರಗಿಹೋಗುತ್ತದೆ.

ಒಲೆ ಆರಿಸುವ ಮುಂಚೆ ಒಂದೆರಡು ದೊಡ್ಡ ಚಮಚ ಆಪಲ್ ಸೈಡರ್ ವಿನೆಗರ್, ಕರಿಮೆಣಸು, ಬೇಕಾದರೆ ಉಪ್ಪು. ವಿನೆಗರ್ ಮೊದಲೇ ಹಾಕಿದರೆ ಸೊಪ್ಪು ಮೆತ್ತಗಾಗಲು ಹಟ ಮಾಡುತ್ತದೆ, ನಮ್ಮಲ್ಲಿ ಬೇಳೆ ಬೇಯುವ ಮುಂಚೆ ಹುಣಸೆಹುಳಿ ಹಾಕಬೇಡಿ ಅನ್ನುವುದು ಇದೇ ಕಾರಣಕ್ಕೆ. ಸಕ್ಕರೆ ಅರ್ಧ ಚಮಚ ಹಾಕಬಹುದು. ಸಕ್ಕರೆ ಮುಟ್ಟಿಸಬಾರದು ಅನ್ನುವ ಹಟದವರೂ ಅಮೆರಿಕದ ದಕ್ಷಿಣದಲ್ಲಿ ಬಹಳ ಇದ್ದಾರೆ. ನಾನಂತೂ ಫ್ರೋಜನ್ ಸೊಪ್ಪಿಗೆ ಹಾಕುವ ಪಕ್ಷ. ಚಳಿಗೆ, ಇಬ್ಬನಿ ಹೆಪ್ಪುಗಟ್ಟುವ ಹವೆಗೆ ಸಿಕ್ಕಿದ ಕಾಲರ್ಡ್ ಗಿಡ ತನ್ನೊಳಗೆ ಸಕ್ಕರೆ ಕೂಡಿಸಿಕೊಂಡು ಸಿಹಿಯಾಗುತ್ತದೆ, ಅದಕ್ಕೇ ಅಲ್ಲಿನವರು ಮೊದಲ ಫ್ರಾಸ್ಟ್ ಬೀಳಲಿ ಅಂತ ಕಾಯುತ್ತಾರೆ. ಚೀಲದ ಸೊಪ್ಪು ಯಾವ ಹವೆಯಲ್ಲಿ ಕೊಯ್ದದ್ದೋ ನಮಗೆ ಗೊತ್ತಾಗುವುದಿಲ್ಲವಲ್ಲ.

ಚೀಲ ಆರಿಸುವಾಗ ಹೊರಗಿನಿಂದ ಒತ್ತಿ ನೋಡಿ, ಎಲೆಚೂರು ಬಿಡಿಬಿಡಿಯಾಗಿ ಸಿಗಬೇಕು. ಇಡೀ ಚೀಲ ಕಲ್ಲಿನಂತೆ ಒಂದೇ ಗಡ್ಡೆಯಾಗಿದ್ದರೆ ನಡುವೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿರುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ನಾವು ಪೂರ್ತಿ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಆಫೀಸಿನ ಪಾಟ್‌ಲಕ್‌ನಲ್ಲಿ (ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ) ಎಲ್ಲರೂ ಈ ಸೊಪ್ಪನ್ನು ಹೊಗಳುವಾಗ ನಾವು ಸುಮ್ನೆ ನೋಡ್ತಾ ಕೂತಿರ್ತೀವಿ. ಮಾಂಸ ಇಲ್ಲದೆ ಮಾಡಬಹುದಾ?
– ಓದುಗರು, ಅಟ್ಲಾಂಟಾ ಹತ್ತಿರದಿಂದ

ಉತ್ತರ: ಮಾಡಬಹುದು, ಚೆನ್ನಾಗಿಯೇ ಆಗುತ್ತದೆ. ಮಾಂಸ ಈ ಅಡುಗೆಗೆ ಕೊಡುವುದು ಉಪ್ಪು, ಹೊಗೆ, ಜಿಡ್ಡು, ಮತ್ತೆ ರಸಕ್ಕೆ ಒಂದು ಮೈ. ಇವನ್ನೆಲ್ಲ ಬೇರೆ ಕಡೆಯಿಂದ ತರಬೇಕು. ಬರೀ ಲಿಕ್ವಿಡ್ ಸ್ಮೋಕ್ (ಹೊಗೆಯ ರುಚಿಯ ದ್ರವ) ನಾಲ್ಕು ಹನಿ ಬಿಟ್ಟು ಮುಗಿಸಿದರೆ ಹೊಗೆಯ ವಾಸನೆಯ ನೀರು ಕುಡಿದ ಹಾಗಾಗುತ್ತದೆ.

ಮೈ ಬರಲು ಅಲಸಂದೆ ಕಾಳು. ಒಂದು ಕಪ್ ಅಲಸಂದೆಯನ್ನು ಜಾಸ್ತಿ ನೀರಿಟ್ಟು ಮೆತ್ತಗೆ ಬೇಯಿಸಿ, ಆ ಕಟ್ಟನ್ನೇ ರಸಕ್ಕೆ ಬಳಸಿ, ಒಂದು ಹಿಡಿ ಕಾಳನ್ನು ನುರಿದು ಅದರಲ್ಲೇ ಸೇರಿಸಿ. ಈ ಕಾಳು ಅಲ್ಲಿನ ಅಡುಗೆಮನೆಯದೇ, ಬ್ಲ್ಯಾಕ್-ಐಡ್ ಪೀ ಅಂತ ಕೊಳ್ಳುವುದು ನಮ್ಮ ಅಲಸಂದೆಯನ್ನೇ, ಆದ್ದರಿಂದ ರುಚಿ ಹೊಂದುತ್ತದೆ. ಜಿಡ್ಡಿಗೆ ಎಣ್ಣೆ ಮೂರು ನಾಲ್ಕು ಚಮಚ ಧಾರಾಳವಾಗಿ ಹಾಕಿ. ಎಣ್ಣೆ ಜಿಪುಣತನ ಮಾಡಿದರೆ ಸೊಪ್ಪು ಒರಟಾಗಿಯೇ ಉಳಿಯುತ್ತದೆ. ಈರುಳ್ಳಿ ಕಂದು ಬಣ್ಣ ದಾಟುವಷ್ಟು ಹುರಿದು, ಒಂದು ಚಮಚ ಟೊಮ್ಯಾಟೊ ಪೇಸ್ಟ್ ಹಾಕಿ ಅದೂ ಕಪ್ಪುಗೆಂಪಾಗಲಿ. ಹೊಗೆಗೆ ಸ್ಮೋಕ್ಡ್ ಪ್ಯಾಪ್ರಿಕಾ (ಹೊಗೆ ಹಿಡಿಸಿದ ಮೆಣಸಿನ ಪುಡಿ) ಎರಡು ಚಮಚ, ಸಿಕ್ಕರೆ ಒಂದು ಚಿಪೋಟ್ಲೆ ಮೆಣಸಿನಕಾಯಿ. ಅದು ಹೊಗೆಯಲ್ಲೇ ಒಣಗಿಸಿದ್ದು. ಉಪ್ಪಿನ ಆಳಕ್ಕೆ ಒಂದು ಚಮಚ ಸೋಯಾ ಸಾಸ್, ಅಣಬೆ ತಿನ್ನುವವರಾದರೆ ಒಣ ಅಣಬೆ ನೆನೆಸಿದ ನೀರು. ಇಷ್ಟೂ ಅರ್ಧ ಗಂಟೆ ಕುದ್ದ ಮೇಲೆ ಸೊಪ್ಪು ಹಾಕಿ.

ಇನ್ನೊಂದು ದಾರಿಯೂ ಇದೆ. ಅಡುಗೆ ಮುಗಿದ ಮೇಲೆ ಪಾತ್ರೆಯ ನಡುವೆ ಸಣ್ಣ ಸ್ಟೀಲ್ ಬಟ್ಟಲಿಟ್ಟು, ಅದರಲ್ಲಿ ನಿಗಿನಿಗಿ ಕೆಂಡ ಇಟ್ಟು, ಮೇಲೆ ಒಂದು ಹನಿ ತುಪ್ಪ ಬಿಟ್ಟು ಐದು ನಿಮಿಷ ಗಟ್ಟಿಯಾಗಿ ಮುಚ್ಚಿ. ಇದನ್ನು ಮನೆಯ ಹೊರಗೇ ಮಾಡಿ. ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂ ಹೊಡೆಯುವುದೊಂದು ಕಡೆ, ಮುಚ್ಚಿದ ಮನೆಯಲ್ಲಿ ಇದ್ದಿಲ ಹೊಗೆ ಒಳ್ಳೆಯದಲ್ಲ.

ಪ್ರಶ್ನೆ: ಕುಕ್ಕರ್‌ನಲ್ಲಿ ಮಾಡಿದರೆ ಏನಾದ್ರೂ ತೊಂದರೆಯಾ? ಸೋಡಾ ಹಾಕಿದರೆ ಬೇಗ ಬೇಯುತ್ತೆ ಅಂತಾರೆ.
– ಓದುಗಿ, ಹ್ಯೂಸ್ಟನ್

ಉತ್ತರ: ಕುಕ್ಕರ್ ಆಗಬಹುದು. ನೀರು ನಾಲ್ಕು ಕಪ್‌ಗೆ ಇಳಿಸಿ, ಏಕೆಂದರೆ ಅದರಲ್ಲಿ ಆವಿ ಹೋಗುವುದು ಕಡಿಮೆ. ಟರ್ಕಿಯನ್ನು ಮೊದಲು ಅರ್ಧ ಗಂಟೆ ಒತ್ತಡದಲ್ಲಿ ಬೇಯಿಸಿ, ಆಮೇಲೆ ಸೊಪ್ಪು ಹಾಕಿ ಐದು ನಿಮಿಷ. ಮುಚ್ಚಳ ತೆಗೆದು ಹತ್ತು ನಿಮಿಷ ಹಾಗೇ ಕುದಿಸಿ, ಆಗಲೇ ರಸ ಗಟ್ಟಿಯಾಗಿ ಸೊಪ್ಪಿಗೆ ಹಿಡಿಯುವುದು. ಸೋಡಾ ಬೇಡವೇ ಬೇಡ. ಅರೆಬೆಂದ ಸೊಪ್ಪಿಗೆ ಸೋಡಾ ಬಿದ್ದರೆ ಲೋಳೆಯಾಗಿ, ಸೋಪಿನಂಥ ರುಚಿ ಬರುತ್ತದೆ.

ಪ್ರಶ್ನೆ: ಸೊಪ್ಪು ಖಾಲಿಯಾದ ಮೇಲೆ ಪಾತ್ರೆಯಲ್ಲಿ ಉಳಿಯುವ ಹಸಿರು ನೀರನ್ನು ಇಲ್ಲಿಯವರು ಚೆಲ್ಲುವುದೇ ಇಲ್ಲ, ಕಪ್ಪಿಗೆ ಹಾಕಿ ಕುಡಿಯುತ್ತಾರೆ. ಹೊಸವರ್ಷದ ದಿನ ಈ ಸೊಪ್ಪು ತಿನ್ನಲೇಬೇಕಂತೆ. ಏನಿದರ ಹಿನ್ನೆಲೆ?
– ಓದುಗರು, ರಾಲೀ

ಉತ್ತರ: ಆ ನೀರಿಗೆ ಪಾಟ್‌ಲಿಕರ್ ಅನ್ನುತ್ತಾರೆ. ಮದ್ಯ ಏನೂ ಅದರಲ್ಲಿಲ್ಲ. ಸೊಪ್ಪಿನ ಜೀವಸತ್ವ, ಖನಿಜಗಳಲ್ಲಿ ನೀರಿಗೆ ಇಳಿಯುವಂಥವು ಬಹಳಷ್ಟು ಅಲ್ಲೇ ಇರುತ್ತವೆ. ಮಂಡ್ಯ, ಮೈಸೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪು ಬೇಯಿಸಿ, ನೀರು ಬಸಿದು, ಆ ನೀರಿಗೇ ಖಾರ ಅರೆದು ಹಾಕಿ ಬಸ್ಸಾರು ಮಾಡಿ ಮುದ್ದೆ ಜೊತೆ ಉಣ್ಣುವವರು ನಾವು. ಅವರು ಆ ರಸಕ್ಕೆ ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ನೆಂಚಿಕೊಳ್ಳುತ್ತಾರೆ.

ಹಿನ್ನೆಲೆ ನೋವಿನದು, ಅದನ್ನು ಬಿಟ್ಟು ಬರೀ ರೆಸಿಪಿ ಹೇಳಿದರೆ ನನಗೆ ಸಮಾಧಾನವಾಗುವುದಿಲ್ಲ. ಕಾಲರ್ಡ್ ಗಿಡ ಯುರೋಪಿನ ಕಡೆಯಿಂದ ಬಂದದ್ದು. ಅದನ್ನು ಹೀಗೆ ಮಸಾಲೆಯ ರಸದಲ್ಲಿ ನಿಧಾನವಾಗಿ ಬೇಯಿಸಿ, ರಸವನ್ನೂ ಊಟವಾಗಿಸುವ ಕೈ ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಎಳೆದುತಂದ ಜನರದ್ದು. ಅವರಿಗೆ ಸಿಗುತ್ತಿದ್ದದ್ದು ಹಂದಿಯ ಕಾಲು, ಕತ್ತಿನ ಮೂಳೆಯಂಥ ಕಡಿಮೆ ಬೆಲೆಯ ತುಂಡುಗಳು, ತಮ್ಮ ಪುಟ್ಟ ಕೈತೋಟದ ಸೊಪ್ಪು. ಯಜಮಾನರ ದೊಡ್ಡಮನೆಗೆ ಸೊಪ್ಪು ಬಡಿಸಿ ಹೋದ ಮೇಲೆ ಉಳಿದ ರಸದಲ್ಲಿ ಎಷ್ಟೋ ಮಕ್ಕಳ ಹೊಟ್ಟೆ ತುಂಬುತ್ತಿತ್ತು. ಅಷ್ಟು ಕಡಿಮೆಯಲ್ಲಿ ಇಷ್ಟು ರುಚಿ ಕಟ್ಟಿದವರ ಕೈಗೆ ನಾವು ಮರ್ಯಾದೆ ಕೊಡಲೇಬೇಕು.

ಆಮೇಲೆ ಅದು ಇಡೀ ದಕ್ಷಿಣದ ಊಟವಾಯಿತು. 1931ರಲ್ಲಿ ಲೂಸಿಯಾನಾದ ಗವರ್ನರ್ ಹ್ಯೂಯಿ ಲಾಂಗ್‌ಗೂ ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್ ಪತ್ರಿಕೆಗೂ ದೊಡ್ಡ ವಾದವೇ ನಡೆಯಿತು. ಕಾರ್ನ್‌ಬ್ರೆಡ್ಡನ್ನು ರಸಕ್ಕೆ ಅದ್ದಿ ತಿನ್ನಬೇಕು ಅನ್ನುವುದು ಲಾಂಗ್ ಪಕ್ಷ, ಪುಡಿ ಮಾಡಿ ಹಾಕಿಕೊಳ್ಳಬೇಕು ಅನ್ನುವುದು ಪತ್ರಿಕೆಯ ಪಕ್ಷ. 2011ರಲ್ಲಿ ಸೌತ್ ಕ್ಯಾರೊಲಿನಾ ಕಾಲರ್ಡನ್ನು ತನ್ನ ರಾಜ್ಯ ತರಕಾರಿ ಅಂತ ಘೋಷಿಸಿತು. ಹೊಸವರ್ಷದ ದಿನ ಸೊಪ್ಪು ನೋಟಿನ ಗುರುತು, ಅಲಸಂದೆ ಚಿಲ್ಲರೆ ನಾಣ್ಯದ ಗುರುತು, ಕಾರ್ನ್‌ಬ್ರೆಡ್ ಚಿನ್ನದ್ದು. ವರ್ಷವಿಡೀ ಕೈಯಲ್ಲಿ ದುಡ್ಡು ಆಡಲಿ ಅನ್ನುವ ಆಸೆ.

ಉಳಿದ ರಸ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಇನ್ನೊಂದು ಮಾತು: ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಟ್ಟರೆ ಮುಂದಿನ ಸಲ ಸೊಪ್ಪಿಗೆ ಅದೇ ಶುರುವಿನ ರಸ.

ಪ್ರಶ್ನೆ: ನಮ್ಮ ಮಾವನವರು ಹೃದಯದ ತೊಂದರೆಗೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತಗೊಳ್ತಾರೆ. ಇಲ್ಲಿಗೆ ಬಂದಾಗ ಈ ಸೊಪ್ಪು ಬಡಿಸಬಹುದಾ?
– ಓದುಗಿ, ನ್ಯಾಶ್‌ವಿಲ್

ಉತ್ತರ: ಅವರ ಡಾಕ್ಟರನ್ನು ಕೇಳದೆ ಬಡಿಸಬೇಡಿ. ಕಾಲರ್ಡ್, ಟರ್ನಿಪ್ ಸೊಪ್ಪುಗಳಲ್ಲಿ ವಿಟಮಿನ್ ಕೆ ಬಹಳ ಇದೆ, ಅದು ವಾರ್ಫರಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಇದ್ದಕ್ಕಿದ್ದಂತೆ ಬಟ್ಟಲುಗಟ್ಟಲೆ ತಿಂದರೆ ಲೆಕ್ಕವೆಲ್ಲ ಏರುಪೇರಾಗಬಹುದು. ದಿನಾ ಎಷ್ಟು ತಿನ್ನಬಹುದು ಅಂತ ಡಾಕ್ಟರ್ ಹೇಳುತ್ತಾರೆ, ಅಷ್ಟಕ್ಕೇ ನಿಲ್ಲಿಸಿ. ರಕ್ತದೊತ್ತಡ ಇದ್ದವರಿಗೆ ಹೊಗೆಮಾಂಸದ ಉಪ್ಪೂ ಗಮನದಲ್ಲಿರಲಿ.

ಪ್ರಶ್ನೆ: ಮಗಳ ಮನೆಯಲ್ಲಿ ಆರು ತಿಂಗಳಿದ್ದು ಈ ಸೊಪ್ಪಿನ ರುಚಿ ಹತ್ತಿಸಿಕೊಂಡು ಬಂದೆ. ಬೆಂಗಳೂರಿನಲ್ಲಿ ಕಾಲರ್ಡ್ ಎಲ್ಲೂ ಕಾಣಲಿಲ್ಲ. ಏನು ಮಾಡಲಿ ತಾಯಿ?
– ಓದುಗರು, ಜಯನಗರ

ಉತ್ತರ: ನವಿಲುಕೋಸು ಕೊಳ್ಳುವಾಗ ಸೊಪ್ಪಿನ ಸಮೇತ ಕೊಡಿ ಅಂತ ಕೇಳಿ ಅಮ್ಮಾ. ಕಾಲರ್ಡ್, ನವಿಲುಕೋಸು, ಎಲೆಕೋಸು ಎಲ್ಲ ಒಂದೇ ಜಾತಿಯ ಗಿಡ, ಎಲೆಯ ರುಚಿ ತುಂಬಾ ಹತ್ತಿರ. ಕಾಶ್ಮೀರಿಗಳ ಹಾಕ್ ಸೊಪ್ಪು ಇನ್ನೂ ಹತ್ತಿರ, ಯಾರಾದರೂ ಅಲ್ಲಿಂದ ಬರುವವರಿದ್ದರೆ ಬೀಜ ತರಿಸಿ ಕುಂಡದಲ್ಲಿ ಹಾಕಿ. ಜಾಸ್ತಿ ಸಿಕ್ಕಿದಾಗ ನೀವೇ ಫ್ರೋಜನ್ ಮಾಡಿಡಬಹುದು. ದಪ್ಪ ದಂಟು ತೆಗೆದು, ಹೆಚ್ಚಿ, ಕುದಿಯುವ ನೀರಲ್ಲಿ ಮೂರು ನಿಮಿಷ, ಕೂಡಲೇ ಐಸ್ ನೀರಿಗೆ. ಚೆನ್ನಾಗಿ ಹಿಂಡಿ, ಒಂದೊಂದು ಅಡುಗೆಗಾಗುವಷ್ಟು ಚೀಲಕ್ಕೆ ತುಂಬಿ, ಗಾಳಿ ತೆಗೆದು ಫ್ರೀಜರ್‌ಗೆ ಹಾಕಿ. ಊಟದ ಮೇಜಿಗೆ ಅಲ್ಲಿನ ಥರ ಖಾರದ ವಿನೆಗರ್ ಬೇಕಾದರೆ ಒಂದು ಹಿಡಿ ಜೀರಿಗೆ ಮೆಣಸಿನಕಾಯಿಯನ್ನು ತೊಳೆದು, ಪೂರ್ತಿ ಒರೆಸಿ, ಸೀಳಿ, ಗಾಜಿನ ಬಾಟಲಿಗೆ ಹಾಕಿ ಬಿಸಿ ವಿನೆಗರ್ ಮುಳುಗುವ ತನಕ ಹೊಯ್ದು ಫ್ರಿಜ್‌ನಲ್ಲಿಡಿ. ಒಂದು ವಾರಕ್ಕೆ ಖಾರ ಇಳಿಯುತ್ತದೆ, ಬಡಿಸಿದ ಸೊಪ್ಪಿನ ಮೇಲೆ ಅರ್ಧ ಚಮಚ ಚಿಮುಕಿಸಿದರೆ ಸಾಕು.