ಪ್ಯಾಡ್ ಉಜ್ಜಬೇಡಿ, ಪಿನ್ ಬಿಚ್ಚಿ

ಪ್ರಶ್ನೆ: ಚಿಕ್ಕಪ್ಪ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಕೊಂಡ ಹೋಂಡಾ ಸಿಬಿ 750 ಈಗ ಪೆರ್ಲದ ನಮ್ಮ ಮನೆಯಲ್ಲಿದೆ. 1970ರ ದಶಕದ ಗಾಡಿ. ಮುಂದಿನ ಡಿಸ್ಕ್ ಬ್ರೇಕಿಗೆ ಹೊಸ ಪ್ಯಾಡ್ ತರಿಸಿ ಹಾಕಿಸಿದೆವು. ಅಂದಿನಿಂದ ಚಕ್ರ ಬಿಗಿ. ಬದಿಯಡ್ಕಕ್ಕೆ ಹೋಗಿ ಬರುವಷ್ಟರಲ್ಲಿ ಡಿಸ್ಕ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಮೆಕ್ಯಾನಿಕ್ ಪ್ಯಾಡುಗಳನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ತೆಳ್ಳಗೆ ಮಾಡಿದರು. ಚಕ್ರ ಸಡಿಲವಾಯಿತು, ಆದರೆ ಈಗ ಲಿವರ್ ಸ್ಪಂಜಿನಂತೆ ಮೆತ್ತಗಿದೆ. ಬ್ರೇಕ್ ಎಣ್ಣೆಯೊಳಗೆ ಸೇರಿದ ಗಾಳಿಯನ್ನು ಮೂರು ಸಲ ತೆಗೆದರೂ ಅಷ್ಟೆ. ಡಿಸ್ಕ್ ಬ್ರೇಕಿಗೆ ಅಡ್ಜಸ್ಟ್‌ಮೆಂಟ್ ಎಂಬುದೇ ಇಲ್ಲ ಎಂದು ಅವರ ವಾದ. ಹೌದೇ?

ಉತ್ತರ: ಇಂದಿನ ಗಾಡಿಗಳ ಮಟ್ಟಿಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ನಿಮ್ಮ ಗಾಡಿಯ ಮಟ್ಟಿಗೆ ತಪ್ಪು. ಅವರನ್ನು ಬೈಯುವುದೂ ನ್ಯಾಯವಲ್ಲ. ಸಿಬಿ 750 ಹೈಡ್ರಾಲಿಕ್ ಡಿಸ್ಕ್ ಹೊತ್ತು ಮಾರುಕಟ್ಟೆಗೆ ಬಂದದ್ದು 1969ರಲ್ಲಿ; ನಮ್ಮ ದೇಶದಲ್ಲಿ 1983ರಲ್ಲಿ ಬಂದ ರಾಜದೂತ್ 350ಕ್ಕೂ ಮುಂದೆ ಡ್ರಮ್ ಬ್ರೇಕೇ ಇತ್ತು. ನಮ್ಮ ಕಡೆಯ ಹಳೆಯ ಕೈಗಳು ಪಳಗಿದ್ದು ಡ್ರಮ್ಮಿನಲ್ಲಿ, ಹೊಸ ಕೈಗಳು ಪಳಗಿದ್ದು ಹೊಸ ಡಿಸ್ಕಿನಲ್ಲಿ. ನಡುವಿನ ಈ ಜಾತಿಯ ಬ್ರೇಕು ಇಬ್ಬರ ಕೈಗೂ ಸಿಕ್ಕಿದ್ದು ಕಡಿಮೆ.

ನಿಮ್ಮ ಕ್ಯಾಲಿಪರಿನಲ್ಲಿ, ಎಂದರೆ ಡಿಸ್ಕಿನ ಎರಡೂ ಬದಿಗೆ ಪ್ಯಾಡ್ ಹಿಡಿದಿರುವ ಭಾಗದಲ್ಲಿ, ಪಿಸ್ಟನ್ ಇರುವುದು ಒಂದೇ. ಲಿವರ್ ಹಿಡಿದಾಗ ಅದು ತನ್ನ ಬದಿಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಎದುರು ಬದಿಯ ಪ್ಯಾಡಿಗೆ ತಳ್ಳುವವರು ಯಾರೂ ಇಲ್ಲ. ಇಡೀ ಕ್ಯಾಲಿಪರನ್ನು ಒಂದು ತೋಳಿನ ಮೇಲೆ ಕೂರಿಸಿ, ಆ ತೋಳನ್ನು ಫೋರ್ಕಿನ ಬಳಿ ಒಂದು ಪಿನ್ನಿಗೆ ಬಾಗಿಲಿನ ಹಾಗೆ ತೂಗುಹಾಕಿದ್ದಾರೆ. ಪಿಸ್ಟನ್ ಈ ಕಡೆ ಒತ್ತಿದಾಗ ತೋಳು ತುಸು ತಿರುಗಿ ಆ ಕಡೆಯ ಪ್ಯಾಡನ್ನು ಎಳೆದು ತರುತ್ತದೆ. ಲಿವರ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ಎಳೆಯುವುದು ಅದರ ಸುತ್ತಲಿನ ಚೌಕ ಅಂಚಿನ ರಬ್ಬರ್ ಸೀಲ್. ಹಾಗಾಗಿ ಪಿಸ್ಟನ್ ಬದಿ ತನ್ನ ಅಂತರವನ್ನು ತಾನೇ ನೋಡಿಕೊಳ್ಳುತ್ತದೆ. ಎದುರು ಬದಿಯ ಪ್ಯಾಡ್ ಎಲ್ಲಿ ನಿಲ್ಲಬೇಕೆಂದು ಹೇಳುವುದಕ್ಕೆ ಮಾತ್ರ ಒಂದು ಸ್ಕ್ರೂ, ಅದಕ್ಕೊಂದು ಸ್ಪ್ರಿಂಗು, ಒಂದು ಲಾಕ್ ನಟ್ ಇವೆ. ಅಡ್ಜಸ್ಟ್‌ಮೆಂಟ್ ಎಂದರೆ ಅದು.

ನಿಮ್ಮ ಕಥೆಯನ್ನು ಓದಿದರೆ ಪಿನ್ನು ತುಕ್ಕು ಹಿಡಿದು ತೋಳು ಸಿಕ್ಕಿಕೊಂಡಿರುವಂತೆ ಕಾಣುತ್ತದೆ. ಸವೆದ ಹಳೆಯ ಪ್ಯಾಡಿಗೆ ಹೊಂದಿದ ಜಾಗದಲ್ಲೇ ತೋಳು ಹೆಪ್ಪುಗಟ್ಟಿ ನಿಂತಿತ್ತು. ಅಲ್ಲಿ ದಪ್ಪಗಿನ ಹೊಸ ಪ್ಯಾಡ್ ಕೂರಿಸಿದಾಗ ಅದು ಸದಾ ಡಿಸ್ಕಿಗೆ ಉಜ್ಜಿತು, ಬಿಸಿಯಾಯಿತು. ಉಜ್ಜಿ ತೆಳ್ಳಗೆ ಮಾಡಿದಾಗ ಅಂತರವೇನೋ ಸಿಕ್ಕಿತು. ತೋಳು ಮಾತ್ರ ಅಲ್ಲಾಡಲಿಲ್ಲ. ಈಗ ಪಿಸ್ಟನ್ ಡಿಸ್ಕನ್ನೇ ಬಾಗಿಸಿ ಎದುರು ಪ್ಯಾಡಿಗೆ ಮುಟ್ಟಿಸುತ್ತಿದೆ. ನಿಮಗೆ ಸ್ಪಂಜಿನಂತೆ ಅನ್ನಿಸುತ್ತಿರುವುದು ಆ ಬಾಗು. ಮೂರಲ್ಲ, ಮೂವತ್ತು ಸಲ ಗಾಳಿ ತೆಗೆದರೂ ಅದು ಹೋಗುವುದಿಲ್ಲ.

ಪರೀಕ್ಷೆ ಸುಲಭ. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ. ಮನೆಯವರೊಬ್ಬರು ಲಿವರ್ ಹಿಡಿದು ಬಿಡುತ್ತಿರಲಿ, ನೀವು ಮುಂದೆ ಕುಳಿತು ಡಿಸ್ಕಿನ ಅಂಚನ್ನು ನೋಡಿ. ತೋಳು ಸರಿದರೆ ಪಿನ್ ಸರಿ ಇದೆ. ತೋಳು ಕಂಬದ ಹಾಗೆ ನಿಂತು ಡಿಸ್ಕ್ ವಾಲಿದರೆ ಕಳ್ಳ ಸಿಕ್ಕಿದ.

ಇದು ಹೀಗಾಗುವುದು ನಮ್ಮ ಹವೆಯಲ್ಲಿ ಅಚ್ಚರಿಯೇನಲ್ಲ. ಯಕ್ಷಗಾನ ಮೇಳಗಳು ಮಳೆಗಾಲದ ಮೊದಲಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಹೊತ್ತಿಗೆ ನಾವೂ ಹಳೆಯ ಗಾಡಿಗಳನ್ನು ಕೊಟ್ಟಿಗೆಯ ಮೂಲೆಗೆ ಸೇರಿಸುತ್ತೇವೆ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಕರಾವಳಿಯ ಗಾಳಿಯ ಉಪ್ಪು ಬೇರೆ. ದೀಪಾವಳಿಗೆ ಹೊರತೆಗೆಯುವಾಗ ಪಿನ್ನೂ ತೋಳೂ ಒಂದೇ ಲೋಹವಾಗಿರುತ್ತವೆ.

ಕೆಲಸಕ್ಕೆ ಇಳಿಯುವ ಮೊದಲು ಟ್ಯಾಂಕಿನ ಮೇಲೆ ಒಂದೆರಡು ಅಡಿಕೆ ಹಾಳೆ ಹಾಸಿ. ಬ್ರೇಕ್ ಆಯಿಲ್ ಬಿದ್ದ ಕಡೆ ಬಣ್ಣ ಏಳುತ್ತದೆ. ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದಾಗ ಮೇಲಿನ ಡಬ್ಬಿ ಉಕ್ಕುವುದು ಖಂಡಿತ, ಸ್ವಲ್ಪ ಎಣ್ಣೆ ಮೊದಲೇ ತೆಗೆದಿಡಿ. ಚೆಲ್ಲಿದರೆ ಒರೆಸುತ್ತ ಕೂರದೆ ಕೂಡಲೇ ನೀರು ಸುರಿಯಿರಿ.

ಪಿನ್ ಬಿಚ್ಚಿ, ತುಕ್ಕನ್ನು ಪೂರ್ತಿ ತೆಗೆದು, ತೋಳು ಬೆರಳ ತುದಿಯಿಂದ ತಿರುಗುವಷ್ಟು ಸಲೀಸಾದ ಮೇಲೆ ಬಿಸಿ ತಾಳುವ ಗ್ರೀಸ್ ಹಚ್ಚಿ ಜೋಡಿಸಿ. ಕ್ಯಾಲಿಪರ್ ಹೇಗೂ ಬಿಚ್ಚಿದೆಯಲ್ಲ, ಪಿಸ್ಟನ್ನನ್ನೂ ನೋಡಿಬಿಡಿ. ಅದನ್ನು ಹೊರತೆಗೆಯಲು ಟೈರ್ ಅಂಗಡಿಯ ಕಂಪ್ರೆಸರ್ ಬೇಡ. ಗುಂಡಿನಂತೆ ಹಾರಿ ಬೆರಳು ಜಜ್ಜುತ್ತದೆ. ಹೋಸ್ ಜೋಡಿಸಿಕೊಂಡೇ ಲಿವರ್ ಒತ್ತುತ್ತ ಹೋದರೆ ತಾನಾಗಿ ಹೊರಬರುತ್ತದೆ. ಮೈಮೇಲೆ ಗುಳಿ ಬಿದ್ದ ಪಿಸ್ಟನ್ನನ್ನು ಉಜ್ಜಿ ಉಳಿಸುವ ಆಸೆ ಬಿಡಿ, ಹೊಸದು ಹಾಕಿ. ಬಹಳ ಜನ ಮರೆಯುವುದು ಕ್ಯಾಲಿಪರಿನ ಒಳಗೋಡೆಯಲ್ಲಿ ಸೀಲ್ ಕೂರುವ ಸುತ್ತು ತೋಡನ್ನು. ಅದರ ತಳದಲ್ಲಿ ಬಿಳಿಯ ಗಟ್ಟಿ ಕಿಟ್ಟ ಬೆಳೆದು ಸೀಲನ್ನು ಒಳಗೆ ತಳ್ಳುತ್ತದೆ, ಪಿಸ್ಟನ್ ಬಿಗಿಯಾಗುತ್ತದೆ. ಸೀಲ್ ತೆಗೆದು, ಲೋಹಕ್ಕೆ ಗೀರು ಬೀಳದಂತೆ ಬಿದಿರಿನ ಚೂಪು ಕಡ್ಡಿಯಿಂದ ಕೆರೆದು ತೆಗೆಯಿರಿ. ಹಳೆಯ ಸೀಲನ್ನು ಮತ್ತೆ ಹಾಕಬೇಡಿ.

ತೊಳೆಯಲು ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಯಾವುದೂ ಕೂಡದು, ರಬ್ಬರ್ ಉಬ್ಬುತ್ತದೆ. ತೆಂಗಿನೆಣ್ಣೆಯೂ ಬೇಡ. ನಮ್ಮ ಕಡೆ ಬಾಗಿಲ ತಿರುಗಣಿಯಿಂದ ಹಿಡಿದು ತಲೆಯವರೆಗೆ ಎಲ್ಲದಕ್ಕೂ ಅದೇ ಮದ್ದು ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಹೊಸ ಬ್ರೇಕ್ ಆಯಿಲ್ ಅಥವಾ ಬ್ರೇಕ್ ಕ್ಲೀನರ್ ಸಾಕು.

ಎರಡು ಪ್ಯಾಡುಗಳೂ ಒಂದೇ ಅಲ್ಲ. ಒಂದು ಪಿಸ್ಟನ್ ಇರುವ ಬಾಯಲ್ಲಿ ಕೂರುತ್ತದೆ. ಇನ್ನೊಂದನ್ನು ಹಿಂದಿನಿಂದ ಒಂದು ಸ್ಪ್ಲಿಟ್ ಪಿನ್ ಹಿಡಿದಿಡುತ್ತದೆ. ಆ ಪಿನ್ನನ್ನು ಹಾಕಲು ಮರೆಯಬೇಡಿ, ಹಳೆಯದನ್ನೇ ಬಗ್ಗಿಸಿ ಹಾಕಲೂ ಬೇಡಿ. ಪ್ಯಾಡಿನ ಸುತ್ತಂಚಿಗೆ ತೆಳುವಾಗಿ ಸಿಲಿಕೋನ್ ಬ್ರೇಕ್ ಗ್ರೀಸ್ ಸವರಿ. ಡಿಸ್ಕಿಗೆ ತಾಗುವ ಮುಖಕ್ಕೆ ಬೆರಳ ಜಿಡ್ಡೂ ಸೋಕಬಾರದು. ನೀವು ಉಜ್ಜಿಸಿದ ಜೋಡಿ ಎರಡೂ ಕಡೆ ಸಮವಾಗಿಲ್ಲದಿದ್ದರೆ ಎಸೆದು ಹೊಸದು ತರಿಸಿ. ಅಂಚಿನಲ್ಲಿ ಕೆಂಪು ಗೆರೆ ಕಾಣುತ್ತದಲ್ಲ, ಸವೆತ ಅಲ್ಲಿಗೆ ಮುಟ್ಟಿದರೆ ಪ್ಯಾಡಿನ ಆಯುಷ್ಯ ಮುಗಿಯಿತು. ಡಿಸ್ಕನ್ನೂ ಅಳೆಯಿರಿ: ಹೊಸದಾಗಿ 7 ಮಿ.ಮೀ. ದಪ್ಪ ಇರುತ್ತದೆ, 5.5ಕ್ಕಿಂತ ಕೆಳಗಿಳಿದರೆ ಓಡಿಸುವಂತಿಲ್ಲ.

ಸ್ಕ್ರೂವಿನ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಗಾಳಿ ತೆಗೆದು, ಲಿವರ್ ಗಟ್ಟಿಯಾಗುವವರೆಗೆ ಒತ್ತಿ, ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ. ಲಾಕ್ ನಟ್ ಸಡಿಲಿಸಿ. ಚಕ್ರವನ್ನು ಕೈಯಿಂದ ತಿರುಗಿಸುತ್ತಲೇ, ಎದುರು ಪ್ಯಾಡ್ ಡಿಸ್ಕಿಗೆ ತಾಗಿ ಸರಸರ ಸದ್ದು ಬರುವವರೆಗೆ ಸ್ಕ್ರೂ ತಿರುಗಿಸಿ. ಆಮೇಲೆ ಚಕ್ರ ಸಲೀಸಾಗಿ ಸುತ್ತುವವರೆಗೆ ಹಿಂದಕ್ಕೆ. ಅಲ್ಲಿಂದ ಮತ್ತೆ ಕಾಲು ಸುತ್ತು ಹಿಂದಕ್ಕೆ, ಹೆಚ್ಚು ಬೇಡ. ಹೆಚ್ಚಿದರೆ ಪ್ರತಿ ಸಲವೂ ತೋಳು ದೂರ ಸಾಗಬೇಕು, ಲಿವರ್ ಅಷ್ಟೂ ಒಳಗೆ ಬರುತ್ತದೆ. ಸ್ಕ್ರೂ ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿಯಿರಿ. ಪ್ಯಾಡ್ ಸವೆದಂತೆ ಇದನ್ನು ಮತ್ತೆ ಮಾಡಬೇಕು.

ಇಷ್ಟಾದರೂ ಚಕ್ರ ಬಿಗಿಯೇ? ಲಿವರ್ ಹಿಡಿದು ಬಿಡಿ, ಚಕ್ರ ಬಿಗಿಯಾದೊಡನೆ ಗಾಳಿ ತೆಗೆಯುವ ನಿಪ್ಪಲನ್ನು ತುಸು ತೆರೆಯಿರಿ. ಎಣ್ಣೆ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೇ ಉಳಿಯುತ್ತಿದೆ ಎಂದರ್ಥ: ಲಿವರಿನ ಬಳಿಯ ಮಾಸ್ಟರ್ ಸಿಲಿಂಡರಿನ ತಳದ ಸೂಜಿಮೊನೆಯಷ್ಟಿರುವ ರಂಧ್ರ ಕಟ್ಟಿದೆ, ಇಲ್ಲವೇ ಐವತ್ತು ವರ್ಷದ ಹೋಸ್ ಒಳಗೊಳಗೇ ಊದಿದೆ. ಸಡಿಲವಾಗದಿದ್ದರೆ ತೊಂದರೆ ಕ್ಯಾಲಿಪರಿನಲ್ಲೇ. ಹೋಸ್ ಮೂಲದ್ದೇ ಆಗಿದ್ದರೆ ಪರೀಕ್ಷೆಗೆ ಕಾಯದೆ ಬದಲಿಸಿ. ‘ಒರಿಜಿನಲ್’ ಎಂಬ ಮೋಹ ಬ್ರೇಕಿನಲ್ಲಿ ಬೇಡ.

ಹೊಸ ಪ್ಯಾಡ್ ಪಳಗಲು ಮೊದಲ ಮೂವತ್ತು ನಲವತ್ತು ಕಿಲೋಮೀಟರ್ ಮೆಲ್ಲಗೆ ಹಿಡಿದು ಬಿಟ್ಟು ಓಡಿಸಿ. ಬೆಳಗ್ಗೆ ಬಸ್ಸುಗಳ ಅಬ್ಬರ ಶುರುವಾಗುವ ಮೊದಲು ಬದಿಯಡ್ಕದಿಂದ ಮುಳ್ಳೇರಿಯ ಕಡೆಗೆ ಹೋದರೆ ಸಾಕು, ಹೆದ್ದಾರಿ 66ಕ್ಕೆ ಇಳಿಯಬೇಡಿ. ಮಳೆಯಲ್ಲಿ ಈ ಸ್ಟೇನ್‌ಲೆಸ್ ಡಿಸ್ಕ್ ಮೊದಲ ಕ್ಷಣ ಏನೂ ಹಿಡಿಯುವುದಿಲ್ಲ, ನೀರು ಒರೆಸಿಹೋದ ಮೇಲೆ ಥಟ್ಟನೆ ಹಿಡಿಯುತ್ತದೆ. ಅದು ರೋಗವಲ್ಲ, ಆ ಕಾಲದ ಗುಣ. ತಿರುವಿಗೆ ಮೊದಲೇ ಲಿವರನ್ನು ಹಗುರವಾಗಿ ಮುಟ್ಟಿ ಡಿಸ್ಕನ್ನು ಒಣಗಿಸಿಕೊಳ್ಳಿ.

ಪ್ರಶ್ನೆ: ಊರು ತಾಳವಾಡಿ. ಹಳೆಯ ಸಿಬಿಜೆಡ್ ಗಾಡಿಯಲ್ಲಿ ದಿಂಬಂ ಘಾಟಿ ಇಳಿಯುವಾಗ, ಕೊನೆಯ ತಿರುವುಗಳಲ್ಲಿ ಮುಂದಿನ ಲಿವರ್ ಹ್ಯಾಂಡಲಿಗೇ ತಾಗುತ್ತದೆ. ಘಾಟಿಯ ಬುಡದ ಬಣ್ಣಾರಿಯಲ್ಲಿ ಅರ್ಧ ಗಂಟೆ ನಿಂತರೆ ತಾನೇ ಸರಿಹೋಗುತ್ತದೆ. ಪ್ಯಾಡ್ ಹೊಸದು.

ಉತ್ತರ: ಎಣ್ಣೆ ಕುದಿಯುತ್ತಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಎಣ್ಣೆ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ನೀರು ಕುಡಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ ಇವು 230 ಮತ್ತು 155. ಇಪ್ಪತ್ತೇಳು ಹಿಮ್ಮುರಿ ತಿರುವುಗಳನ್ನು ಬ್ರೇಕ್ ಹಿಡಿದೇ ಇಳಿದರೆ ಆ ನೀರು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪ್ಯಾಡಿಗೆ ಬಲ ಮುಟ್ಟುವುದಿಲ್ಲ. ತಣಿದಾಗ ಮತ್ತೆ ನೀರಾಗುತ್ತದೆ, ಬ್ರೇಕ್ ಬಂದಂತೆ ಕಾಣುತ್ತದೆ. ಮುಂದಿನ ಸಲ ಇಳಿಯುವ ಮೊದಲೇ ಎಣ್ಣೆ ಪೂರ್ತಿ ಬದಲಿಸಿ, ಮುಚ್ಚಳ ಬಿಚ್ಚಿ ಬಹಳ ದಿನವಾದ ಬಾಟಲಿಯದ್ದನ್ನು ಹಾಕಬೇಡಿ. ಇಳಿಯುವಾಗ ಎರಡನೇ ಗೇರ್.

ಪ್ರಶ್ನೆ: ಮಂಜೇಶ್ವರದಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಹಿಂದಿನ, ಪೊಟ್ಟಣ ಒಡೆಯದ ಬ್ರೇಕ್ ಪ್ಯಾಡುಗಳು ಸಿಕ್ಕಿವೆ. ಹಾಕಬಹುದೇ?

ಉತ್ತರ: ಪೊಟ್ಟಣವನ್ನು ಕಪಾಟಿನಲ್ಲಿಡಿ, ನೋಡಲು ಚೆಂದ. ಆ ಕಾಲದ ಪ್ಯಾಡುಗಳಲ್ಲಿ ಕಲ್ನಾರು ಬೆರೆಸುವುದು ಸಾಮಾನ್ಯವಾಗಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆ. ಲೋಹದ ತಟ್ಟೆಗೂ ಪ್ಯಾಡಿಗೂ ನಡುವಿನ ಅಂಟು ಇಷ್ಟು ವರ್ಷದಲ್ಲಿ ಸತ್ತಿರಲೂಬಹುದು. ಗಾಡಿಯಲ್ಲಿ ಈಗಿರುವ ಪ್ಯಾಡುಗಳೂ ಅಷ್ಟೇ ಹಳೆಯವಾದರೆ, ಬಿಚ್ಚುವಾಗ ಧೂಳನ್ನು ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಎಸೆಯಿರಿ.